ಸಹಿಗೆ ಮುನ್ನ ಕರಾರುಪತ್ರವನ್ನು ಓದುವ ಬಗೆ: ಚೇಣಿ, ಬೀಜೋತ್ಪಾದನೆ ಮತ್ತು ಖರೀದಿ ಕರಾರುಗಳಲ್ಲಿ ಭರವಸೆ, ಖಾತರಿ, ಪರಿಹಾರ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತ ಬಾಂಧವರು ಇಂದು ಬೆಳೆಯುವುದರ ಜೊತೆಗೆ ಕರಾರುಗಳನ್ನೂ ಮಾಡಿಕೊಳ್ಳುತ್ತಿದ್ದಾರೆ. ಅಡಿಕೆ ಫಸಲನ್ನು ಚೇಣಿಗೆ ಕೊಡುವುದು, ಮೆಕ್ಕೆಜೋಳವನ್ನು ಕಟಾವಿಗೆ ಮೊದಲೇ ವ್ಯಾಪಾರಿಗೆ ಒಪ್ಪಿಸುವುದು, ಬೀಜ ಕಂಪನಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವುದು, ಅನಾನಸ್ ಹಣ್ಣನ್ನು ತೋಟದಲ್ಲಿಯೇ ಮಾರುವುದು, ಶುಂಠಿಗೆ ಜಮೀನು ಬಿಡುವುದು ಇವೆಲ್ಲವೂ ಕರಾರುಗಳೇ. ಇವುಗಳಲ್ಲಿ ಬಹುಪಾಲು ಮಾತಿನ ಮೇಲೆ ನಡೆಯುತ್ತವೆ. ಉಳಿದವು ಎದುರು ಪಕ್ಷದವರು ಅಚ್ಚು ಹಾಕಿಸಿ ತಂದ ಕಾಗದದ ಮೇಲೆ ನಡೆಯುತ್ತವೆ. ಎರಡು ಸಂದರ್ಭಗಳಲ್ಲಿಯೂ ತಕರಾರು ಹುಟ್ಟಿದ ಮೇಲೆ ರೈತನ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಬೇಸಾಯಶಾಸ್ತ್ರದ ವಿಜ್ಞಾನಿಗೆ ಕರಾರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕ್ಷೇತ್ರ ಭೇಟಿಯ ಸಮಯದಲ್ಲಿ ನಮ್ಮ ಮುಂದೆ ಬರುವ ವ್ಯಾಜ್ಯಗಳನ್ನು ಬಿಡಿಸಿ ನೋಡಿದರೆ ಒಳಗಿರುವುದು ತೇವಾಂಶ, ಮೊಳಕೆ ಪ್ರಮಾಣ, ತಳಿ ಶುದ್ಧತೆ, ಕೊಯ್ಲಿನ ಹದ, ರೋಗದ ಮೂಲ ಮುಂತಾದ ಬೇಸಾಯದ ಪ್ರಶ್ನೆಗಳೇ. ಅವುಗಳನ್ನು ಕರಾರಿನಲ್ಲಿ ಅಳತೆಯ ಸಹಿತ ಬರೆಯದಿರುವುದೇ ಹೆಚ್ಚಿನ ಜಗಳಗಳಿಗೆ ಕಾರಣ. ಆದುದರಿಂದ ಕೃಷಿ ತಿಳಿದವರು ಈ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ದೊಡ್ಡ ಮೊತ್ತದ ಕರಾರಿಗೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸುವುದು ಅಗತ್ಯ. ಅವರ ಮುಂದೆ ಯಾವ ಪ್ರಶ್ನೆ ಇಡಬೇಕೆಂಬುದನ್ನು ಈ ಲೇಖನ ತಿಳಿಸುತ್ತದೆ.

ಮಾತು ಮತ್ತು ಬರಹ

1872ರ ಭಾರತೀಯ ಕರಾರು ಅಧಿನಿಯಮದ 10ನೆಯ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ, ಅರ್ಹ ವ್ಯಕ್ತಿಗಳ ನಡುವೆ, ಕಾನೂನುಬದ್ಧ ಉದ್ದೇಶಕ್ಕಾಗಿ, ಪ್ರತಿಫಲ ಸಹಿತವಾಗಿ ಆದ ಒಪ್ಪಂದ ಕರಾರಾಗುತ್ತದೆ. ಬಾಯಿಮಾತಿನ ಕರಾರಿಗೂ ಬೆಲೆಯುಂಟು. ಆದರೆ ಅದನ್ನು ರುಜುವಾತುಪಡಿಸುವ ಹೊರೆ ಹೇಳಿದವನ ಮೇಲಿರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ರೈತರು ಗಮನಿಸುವುದು ಕಡಿಮೆ. ಕರಾರು ಒಮ್ಮೆ ಬರಹಕ್ಕೆ ಇಳಿದರೆ, ಆ ಬರಹಕ್ಕೆ ವಿರುದ್ಧವಾದ ಬಾಯಿಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಸಾಕ್ಷ್ಯವಾಗಿ ಪರಿಗಣಿಸುವುದಿಲ್ಲ. ಕಂಪನಿಯ ಕ್ಷೇತ್ರ ಸಿಬ್ಬಂದಿ ಜಗಲಿಯಲ್ಲಿ ಕುಳಿತು "ಎಲ್ಲಾ ಮಾಲನ್ನೂ ನಾವೇ ಎತ್ತುತ್ತೇವೆ, ಚಿಂತೆ ಬೇಡ" ಎಂದಿರಬಹುದು. ಕಾಗದದಲ್ಲಿ "ಕಂಪನಿಯ ಅಗತ್ಯಕ್ಕೆ ತಕ್ಕಷ್ಟು ಖರೀದಿಸಲಾಗುವುದು" ಎಂದಿದ್ದರೆ, ನಿಲ್ಲುವುದು ಕಾಗದದ ಮಾತೇ. ಆದುದರಿಂದ ತಮಗೆ ಕೊಟ್ಟ ಪ್ರತಿಯೊಂದು ಮಾತನ್ನೂ ಆ ಕಾಗದದಲ್ಲಿಯೇ, ಅಗತ್ಯವಿದ್ದರೆ ಅಂಚಿನಲ್ಲಿ ಕೈಬರಹದಿಂದ ಬರೆಯಿಸಿ, ಇಬ್ಬರೂ ಆ ತಿದ್ದುಪಡಿಯ ಪಕ್ಕದಲ್ಲಿ ಸಹಿ ಹಾಕತಕ್ಕದ್ದು. ಬರೆಯಲು ಒಪ್ಪದ ಮಾತನ್ನು ಆತ ಕೊಟ್ಟೇ ಇಲ್ಲವೆಂದು ತಿಳಿಯುವುದು ಕ್ಷೇಮ.

ಸಹಿ ಹಾಕುವವರು ಯಾರೆಂಬುದನ್ನೂ ನೋಡಬೇಕು. ಕಂಪನಿಯ ಪರವಾಗಿ ಬಂದ ಏಜೆಂಟರ ಬಳಿ ಅಧಿಕಾರ ಪತ್ರವಿದೆಯೇ? ಪತ್ರದಲ್ಲಿ ಕಂಪನಿಯ ನೋಂದಾಯಿತ ವಿಳಾಸ ಉಂಟೇ? ರೈತರ ಕಡೆಯಿಂದಲೂ ಒಂದು ತೊಡಕು ಸಾಮಾನ್ಯ. ಪಹಣಿ ತಂದೆಯವರ ಹೆಸರಿನಲ್ಲಿದ್ದು ಮಗ ಸಹಿ ಹಾಕುವುದು ಅಥವಾ ಅಣ್ಣತಮ್ಮಂದಿರ ಜಂಟಿ ತೋಟವನ್ನು ಒಬ್ಬರೇ ಚೇಣಿಗೆ ಕೊಡುವುದು ಮುಂದೆ ಮನೆಯೊಳಗೇ ವ್ಯಾಜ್ಯವಾಗುತ್ತದೆ. ಕರಾರಿನ ಭಾಷೆ ಕನ್ನಡವಾಗಿರಲೆಂದು ಪಟ್ಟು ಹಿಡಿಯಿರಿ. ಓದಲು ಬಾರದ ಭಾಷೆಯಲ್ಲಿತ್ತೆಂಬ ಒಂದೇ ಕಾರಣಕ್ಕೆ ಸಹಿಯ ಹೊಣೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಖಾಲಿ ಕಾಗದಕ್ಕೆ ಸಹಿಯನ್ನಂತೂ ಯಾವ ಕಾರಣಕ್ಕೂ ಹಾಕಬಾರದು.

ಭರವಸೆಯನ್ನು ಅಳತೆಯಲ್ಲಿ ಹೇಳುವುದು

ಅದೇ ಅಧಿನಿಯಮದ 29ನೆಯ ಕಲಮು ಅರ್ಥ ಖಚಿತವಿಲ್ಲದ ಒಪ್ಪಂದ ಶೂನ್ಯವೆನ್ನುತ್ತದೆ. "ನೂರು ಟನ್ ಎಣ್ಣೆ ಮಾರುತ್ತೇನೆ" ಎಂದು ಒಪ್ಪಿ, ಯಾವ ಎಣ್ಣೆಯೆಂದು ಹೇಳದಿದ್ದರೆ ಆ ಕರಾರು ನಿಲ್ಲದೆಂಬ ಉದಾಹರಣೆ ಆ ಕಲಮಿನಲ್ಲಿಯೇ ಇದೆ. "ಒಳ್ಳೆಯ ಮಾಲಿಗೆ ಒಳ್ಳೆಯ ದರ" ಎಂಬ ನಮ್ಮ ಕಡೆಯ ಕರಾರುಗಳು ಈ ಎಣ್ಣೆಯ ಕರಾರಿಗಿಂತ ಹೆಚ್ಚು ಸ್ಪಷ್ಟವೇನೂ ಅಲ್ಲ.

ಮೆಕ್ಕೆಜೋಳದ ತೇವಾಂಶವನ್ನೇ ತೆಗೆದುಕೊಳ್ಳೋಣ. ಬೆಂಬಲ ಬೆಲೆ ಖರೀದಿಯಲ್ಲಿ ಶೇ. 14 ತೇವಾಂಶವನ್ನು ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳಲಾಗುತ್ತದೆ. ಖಾಸಗಿ ವ್ಯಾಪಾರಿಗಳೂ ಅದನ್ನೇ ಆಧಾರವಾಗಿಡುತ್ತಾರೆ. ಕಾಳಿನಲ್ಲಿ ಶೇ. 20 ತೇವಾಂಶವಿದ್ದರೆ ಎಷ್ಟು ಕಡಿತ ನ್ಯಾಯ? ಒಣಗಿದ ಮೇಲಿನ ತೂಕವನ್ನು ತಿಳಿಯಲು ಹಸಿ ತೂಕವನ್ನು (100 − ಇರುವ ತೇವಾಂಶ) ಇಂದ ಗುಣಿಸಿ (100 − ಒಪ್ಪಿದ ತೇವಾಂಶ) ಇಂದ ಭಾಗಿಸಬೇಕು. ಒಂದು ಕ್ವಿಂಟಲಿಗೆ 100 × 80 ÷ 86, ಅಂದರೆ 93.02 ಕೆ.ಜಿ. ಇಲ್ಲಿ ನ್ಯಾಯವಾದ ಕಡಿತ 6.98 ಕೆ.ಜಿ. ಮಾತ್ರ. "ಪ್ರತಿ ಅಂಶಕ್ಕೆ ಎರಡು ಕಿಲೋ" ಎಂದು ಬಾಯಲ್ಲಿ ಒಪ್ಪಿಕೊಂಡ ರೈತನಿಗೆ ಆರು ಅಂಶಗಳಿಗೆ 12 ಕೆ.ಜಿ. ಹೋಗುತ್ತದೆ. ನೂರು ಕ್ವಿಂಟಲ್ ಮಾರಿದವನು ಐದು ಕ್ವಿಂಟಲ್ ಜೋಳವನ್ನು ಪುಕ್ಕಟೆ ಕೊಟ್ಟಂತಾಯಿತು. ಒಣಗಿಸುವ ಖರ್ಚನ್ನು ವ್ಯಾಪಾರಿ ಕೇಳುವುದು ತಪ್ಪಲ್ಲ. ಆದರೆ ಅದನ್ನು ರೂಪಾಯಿಯಲ್ಲಿ ಬೇರೆಯಾಗಿ ಬರೆಯಬೇಕು, ತೂಕದೊಳಗೆ ಅಡಗಿಸಬಾರದು. ತೇವಾಂಶ ಮಾಪಕ ಯಾರದು, ಅಳತೆ ರೈತನ ಎದುರಿನಲ್ಲಿಯೇ ಆಗಬೇಕೇ, ಮೂರು ಚೀಲಗಳ ಸರಾಸರಿಯೇ ಅಥವಾ ಒಂದೇ ಚೀಲದ್ದೇ, ತೂಕ ಯಾವ ವೇಬ್ರಿಡ್ಜ್‌ನಲ್ಲಿ ಎಂಬ ನಾಲ್ಕು ಸಾಲುಗಳು ಕರಾರಿನಲ್ಲಿದ್ದರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಅಡಿಕೆ ಚೇಣಿಯಲ್ಲಿ (ಕೆಲವೆಡೆ ಖೇಣಿ ಎನ್ನುತ್ತಾರೆ) ವಿಷಯ ಇನ್ನೂ ಸೂಕ್ಷ್ಮ. ಇಡೀ ತೋಟದ ಫಸಲನ್ನು ಒಂದು ಮೊತ್ತಕ್ಕೆ ಕೊಡುವುದು ಒಂದು ಪದ್ಧತಿ. ಹಸಿ ಅಡಿಕೆಯನ್ನು ತೂಗಿ, ಕ್ವಿಂಟಲಿಗೆ ಇಂತಿಷ್ಟು ಕಿಲೋ ಒಣ ಅಡಿಕೆಯೆಂದು ಲೆಕ್ಕ ಹಿಡಿಯುವುದು ಇನ್ನೊಂದು. ಎರಡನೆಯದರಲ್ಲಿ ಆ "ಇಂತಿಷ್ಟು" ಎಂಬ ಸಂಖ್ಯೆಯೇ ಕರಾರಿನ ಜೀವ. ನೂರು ಕ್ವಿಂಟಲ್ ಹಸಿ ಅಡಿಕೆಗೆ 13 ಕೆ.ಜಿ. ಬದಲು 12.5 ಕೆ.ಜಿ. ಎಂದು ಬರೆದರೆ 50 ಕೆ.ಜಿ. ಒಣ ಅಡಿಕೆಯ ವ್ಯತ್ಯಾಸ. ಹದ ತಪ್ಪಿ ಎಳೆಯದಾಗಿ ಕೊಯ್ದರೆ ಒಣ ಇಳುವರಿ ತಗ್ಗುತ್ತದೆ. ಬಲಿತು ಹಣ್ಣಾದರೆ ಕೆಂಪಡಿಕೆಯ ಗುಣಮಟ್ಟ ಕೆಡುತ್ತದೆ. ಆದುದರಿಂದ ಕೊಯ್ಲಿನ ದಿನವನ್ನು ಯಾರು ನಿಶ್ಚಯಿಸಬೇಕು, ಎಷ್ಟು ಕೊಯ್ಲುಗಳು, ಒಂದು ಕೊಯ್ಲಿನಿಂದ ಇನ್ನೊಂದಕ್ಕೆ ಗರಿಷ್ಠ ಅಂತರವೆಷ್ಟು ಎಂಬುದನ್ನು ಬರೆಯದ ಚೇಣಿ ಕರಾರು ಅಪೂರ್ಣ.

ದರಕ್ಕೂ ಇದೇ ಮಾತು ಅನ್ವಯಿಸುತ್ತದೆ. "ಮಾರುಕಟ್ಟೆ ದರ" ಎಂದಷ್ಟೇ ಬರೆಯುವುದು ಸಾಲದು. ಯಾವ ಮಾರುಕಟ್ಟೆ, ಯಾವ ದಿನ, ಯಾವ ವರ್ಗ (ರಾಶಿ ಇಡಿಯೇ, ಬೆಟ್ಟೆಯೇ, ಗೊರಬಲೇ, ಸರಕೇ), ಕನಿಷ್ಠ ದರವೇ, ಗರಿಷ್ಠವೇ, ಮಾದರಿ ದರವೇ ಎಂಬುದು ಸ್ಪಷ್ಟವಿರಲಿ. "ತೂಕದ ದಿನ ಶಿವಮೊಗ್ಗ ಕೃಷಿ ಉತ್ಪನ್ನ ಮಾರುಕಟ್ಟೆಯ ರಾಶಿ ಇಡಿ ಮಾದರಿ ದರ, ಅಂದು ವಹಿವಾಟು ಇಲ್ಲದಿದ್ದರೆ ಹಿಂದಿನ ವಹಿವಾಟಿನ ದಿನದ ದರ" ಎಂಬ ಒಂದು ವಾಕ್ಯ ಸಾಕು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಈ ದರಗಳು ಪ್ರಕಟವಾಗುವುದರಿಂದ ಇಬ್ಬರೂ ನೋಡಿ ಖಚಿತಪಡಿಸಿಕೊಳ್ಳಬಹುದು.

ಒಂದು ಮೊತ್ತದ ಚೇಣಿಯಲ್ಲಿ ಕೊಳೆ ರೋಗದ ನಷ್ಟ ಯಾರದು ಎಂಬುದು ಪ್ರತಿ ಮಳೆಗಾಲವೂ ಏಳುವ ಪ್ರಶ್ನೆ. ಬೋರ್ಡೋ ಸಿಂಪರಣೆಯ ಹೊಣೆ ತೋಟದ ಮಾಲೀಕರದಾದರೆ "ಸಕಾಲದಲ್ಲಿ ಔಷಧಿ ಹೊಡೆಯತಕ್ಕದ್ದು" ಎಂದು ಬರೆಯಬೇಡಿ. "ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯನ್ನು ಮುಂಗಾರು ಹಿಡಿಯುವ ಮೊದಲು, ಎರಡನೆಯದನ್ನು ಅದಾದ 40ರಿಂದ 45 ದಿನಗಳಲ್ಲಿ, ಮಳೆ ಬಿಡುವು ಕೊಟ್ಟ ಮೊದಲ ದಿನಗಳಲ್ಲಿ ಮಾಡತಕ್ಕದ್ದು" ಎಂದು ಬರೆಯಿರಿ. ಮಾಡಿದ ದಿನ ಫೋಟೋ ತೆಗೆದು ಎದುರು ಪಕ್ಷಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಇಷ್ಟು ಮಾಡಿಯೂ ಕೊಳೆ ಬಂದರೆ ನಷ್ಟ ಚೇಣಿದಾರರದೇ, ಹಂಚಿಕೆಯೇ ಎಂಬುದನ್ನು ಮುಂದಿನ ಸಾಲಿನಲ್ಲಿ ಹೇಳಿ. ಮಂಗಗಳ ಕಾಟ, ಕಳವು, ಕಾವಲಿನ ಖರ್ಚು ಸಹ ಅಲ್ಲಿಯೇ ಬರಲಿ.

ಇಲ್ಲಿ ಕಾನೂನಿನ ಒಂದು ತತ್ತ್ವ ಕೆಲಸ ಮಾಡುತ್ತದೆ. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ ನಿಂತ ಬೆಳೆಯೂ "ಸರಕು". ಬೇರೆ ರೀತಿಯ ಒಪ್ಪಂದ ಇಲ್ಲದಿದ್ದರೆ, 26ನೆಯ ಕಲಮಿನಂತೆ ಒಡೆತನ ಯಾರ ಕೈಯಲ್ಲಿದೆಯೋ ನಷ್ಟದ ಹೊಣೆಯೂ ಅವರದೇ. ಚೇಣಿಯಲ್ಲಿ ಒಡೆತನ ಮುಂಗಡ ಕೊಟ್ಟಾಗ ದಾಟಿತೇ, ಕೊಯ್ದಾಗ ದಾಟಿತೇ, ಪೂರ್ತಿ ಹಣ ಸಂದಾಗ ದಾಟಿತೇ ಎಂಬುದನ್ನು ಕರಾರು ಹೇಳದಿದ್ದರೆ ನ್ಯಾಯಾಲಯ ಊಹಿಸಬೇಕಾಗುತ್ತದೆ.

ಈ ಖಚಿತತೆ ನಮ್ಮ ನೆಲಕ್ಕೆ ಹೊಸದಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಶಿಕಾರಿಪುರ ಹಾಗೂ ಸೊರಬದ ಶಾಸನಗಳನ್ನು ಪ್ರಕಟಿಸಿದ್ದಾರೆ. ಅಲ್ಲಿಯ ದಾನಶಾಸನಗಳು ಭೂಮಿಯ ಎಲ್ಲೆ, ಅಳತೆ, ಕೊಟ್ಟವರು, ಪಡೆದವರು ಎಲ್ಲವನ್ನೂ ಹೇಳಿ, ಕೊನೆಯಲ್ಲಿ ಮಾತು ಮುರಿದವನಿಗೆ ಶಾಪವನ್ನೂ ಕೆತ್ತುತ್ತವೆ. ಬಳ್ಳಿಗಾವೆಯ ಕಾಲದವರಿಗೆ ಶಾಪವೇ ಪರಿಹಾರದ ಷರತ್ತು. ನಮಗೆ 73 ಮತ್ತು 74ನೆಯ ಕಲಮುಗಳಿವೆ.

ಷರತ್ತು ಬೇರೆ, ಖಾತರಿ ಬೇರೆ

ಸರಕು ಮಾರಾಟ ಅಧಿನಿಯಮದ 12ನೆಯ ಕಲಮು ಕರಾರಿನ ಮಾತುಗಳನ್ನು ಎರಡಾಗಿ ವಿಂಗಡಿಸುತ್ತದೆ. ಕರಾರಿನ ಮುಖ್ಯ ಉದ್ದೇಶಕ್ಕೇ ಬುನಾದಿಯಾದ ಮಾತು ಷರತ್ತು. ಅದು ಮುರಿದರೆ ಕೊಳ್ಳುವವನು ಕರಾರನ್ನೇ ರದ್ದೆಂದು ತಿಳಿದು ಸರಕನ್ನು ತಿರಸ್ಕರಿಸಬಹುದು. ಮುಖ್ಯ ಉದ್ದೇಶಕ್ಕೆ ಪೂರಕವಾದ ಮಾತು ಖಾತರಿ. ಅದು ಮುರಿದರೆ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ಹಿಂದಿರುಗಿಸುವಂತಿಲ್ಲ. ಕಾಗದದಲ್ಲಿ ಯಾವ ಶಬ್ದ ಬಳಸಿದೆ ಎಂಬುದೊಂದೇ ನಿರ್ಣಾಯಕವಲ್ಲ. ಷರತ್ತನ್ನು ಖಾತರಿಯೆಂದು ಕರೆದಿರಬಹುದೆಂದು ಆ ಕಲಮೇ ಹೇಳುತ್ತದೆ.

ರೈತರು ಮಾರುವಾಗ ತಮ್ಮ ಮೇಲೆ ಷರತ್ತುಗಳು ಕಡಿಮೆ ಇರುವಂತೆಯೂ, ಕೊಳ್ಳುವಾಗ ಎದುರಿನವರ ಮೇಲೆ ಷರತ್ತುಗಳು ಸ್ಪಷ್ಟವಿರುವಂತೆಯೂ ನೋಡಿಕೊಳ್ಳಬೇಕು. ಉದಾಹರಣೆಗೆ, ಖರೀದಿದಾರರು "ಯಾವುದೇ ಚೀಲದಲ್ಲಿ ಬೂಷ್ಟು ಕಂಡರೆ ಇಡೀ ಲೋಡು ತಿರಸ್ಕೃತ" ಎಂದು ಬರೆದಿದ್ದರೆ, ಅದನ್ನು "ಬೂಷ್ಟು ಕಂಡ ಚೀಲಗಳನ್ನು ಮಾತ್ರ ಬೇರ್ಪಡಿಸಿ ಹಿಂದಿರುಗಿಸಲಾಗುವುದು" ಎಂದು ಬದಲಿಸಲು ಕೇಳಿ. ಈ ಒಂದು ಸಾಲಿನ ಬದಲಾವಣೆಯ ಬೆಲೆ ಒಂದು ಲಾರಿ ಲೋಡು.

ಕೊಳ್ಳುವ ಕಡೆಯ ದೊಡ್ಡ ಅಪಾಯ ಬಿತ್ತನೆ ಶುಂಠಿಯದು. ಕೊಳೆ ಮತ್ತು ಬ್ಯಾಕ್ಟೀರಿಯಾ ಬಾಡು ರೋಗಗಳು ಗೆಡ್ಡೆಯಲ್ಲಿ ಹೊರಗೆ ಕಾಣದಂತೆ ಅಡಗಿದ್ದು ಮಳೆಗಾಲದಲ್ಲಿ ಹೊಲವನ್ನೇ ನುಂಗುತ್ತವೆ. ಮಾರಾಟಗಾರನಿಗೆ ಬೇಕಾದ ಉದ್ದೇಶವನ್ನು ತಿಳಿಸಿ ಅವನ ತಿಳಿವಳಿಕೆಯನ್ನು ನಂಬಿ ಕೊಂಡಾಗ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು 16ನೆಯ ಕಲಮಿನಂತೆ ಬರೆಯದಿದ್ದರೂ ಅಡಕವಾಗಿರುತ್ತದೆ, ಮಾರಾಟಗಾರ ಆ ಬಗೆಯ ಸರಕಿನ ವ್ಯಾಪಾರಿಯಾಗಿದ್ದರೆ. ಪಕ್ಕದ ಊರಿನ ರೈತನಿಂದ ಕೊಂಡಾಗ ಈ ರಕ್ಷಣೆ ಸಿಗುವುದು ಕಷ್ಟ. ಆಗ ಬರಹವೇ ಗತಿ: "ಈ ಬಿತ್ತನೆ ಗೆಡ್ಡೆಗಳನ್ನು ಹಿಂದಿನ ಹಂಗಾಮಿನಲ್ಲಿ ಬಾಡು ರೋಗ ಮತ್ತು ಕೊಳೆ ರೋಗ ಕಾಣಿಸಿಕೊಳ್ಳದ ಇಂತಹ ಸರ್ವೆ ನಂಬರಿನ ತಾಕಿನಿಂದ ಕಿತ್ತಿದ್ದೇನೆ" ಎಂದು ಮಾರುವವರಿಂದ ಬರೆಯಿಸಿಕೊಳ್ಳಿ. "ರೋಗ ಬರುವುದಿಲ್ಲ" ಎಂಬ ಭರವಸೆಗಿಂತ ಇದು ಬಲವಾದುದು. ಮುಂದೇನಾಗುವುದೆಂದು ಯಾವ ಮಾರಾಟಗಾರನೂ ಪ್ರಾಮಾಣಿಕವಾಗಿ ಹೇಳಲಾರ, ಆದರೆ ಹಿಂದೆ ಏನಾಗಿತ್ತೆಂದು ಹೇಳಬಲ್ಲ. ಅದು ಸುಳ್ಳಾದರೆ ಅಕ್ಕಪಕ್ಕದ ಹೊಲದವರೇ ಸಾಕ್ಷಿ.

ಪೊಟ್ಟಣದ ಬೀಜದ ವಿಷಯದಲ್ಲಿ ಲೇಬಲ್ಲೇ ಖಾತರಿ ಪತ್ರ. ಭತ್ತದ ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ. 80 ಮೊಳಕೆ, ಶೇ. 98 ಭೌತಿಕ ಶುದ್ಧತೆ ಇರಬೇಕು. ರಸೀತಿ, ಲಾಟ್ ನಂಬರ್ ಇರುವ ಚೀಲ, ಒಂದು ಹಿಡಿ ಬೀಜ ಈ ಮೂರನ್ನು ಕಟಾವಿನವರೆಗೆ ಇಟ್ಟುಕೊಳ್ಳಿ. ಬೀಜ ಉಳಿದಿಲ್ಲವೆಂದು ಕೈಚೆಲ್ಲಬೇಕಾಗಿಯೂ ಇಲ್ಲ. 2012ರ ಜನವರಿ 16ರಂದು ರಾಷ್ಟ್ರೀಯ ಬೀಜ ನಿಗಮ ಮತ್ತು ಎಂ. ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀಜ ಕೊಂಡ ರೈತನು ಗ್ರಾಹಕನೇ ಎಂದೂ, ಬಿತ್ತನೆಗೆ ತಂದ ಬೀಜದಲ್ಲಿ ಪರೀಕ್ಷೆಗೆಂದು ಪಾಲು ಉಳಿಸಿಕೊಂಡಿರಬೇಕೆಂದು ಅವನಿಂದ ನಿರೀಕ್ಷಿಸಲಾಗದೆಂದೂ, ಕರಾರಿನಲ್ಲಿ ಮಧ್ಯಸ್ಥಿಕೆಯ ಕಲಮಿದ್ದರೂ ಗ್ರಾಹಕ ವೇದಿಕೆಗೆ ಹೋಗಬಹುದೆಂದೂ ಹೇಳಿತು.

ಬೀಜೋತ್ಪಾದನೆಯ ಕರಾರು

ಪಕ್ಕದ ಹಾವೇರಿ ಜಿಲ್ಲೆಯ ರಾಣೇಬೆನ್ನೂರು ಭಾಗ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದುದು. ಇಂತಹ ಕರಾರುಗಳಲ್ಲಿ ರೈತನಿಗೆ ಸಿಗುವ ದರ ಮಾಮೂಲಿ ಕಾಳಿಗಿಂತ ಬಹಳ ಹೆಚ್ಚು. ಅಪಾಯವೂ ಹಾಗೆಯೇ. ಬೀಜ ಕೊಟ್ಟ ತಿಂಗಳುಗಳ ನಂತರ "ತಳಿ ಶುದ್ಧತೆಯ ಪರೀಕ್ಷೆಯಲ್ಲಿ ನಿಮ್ಮ ಲಾಟು ಫೇಲಾಗಿದೆ" ಎಂಬ ಸಂದೇಶ ಬಂದರೆ ಇಡೀ ಹಂಗಾಮಿನ ದುಡಿಮೆ ನಿಂತುಹೋಗುತ್ತದೆ. ಆ ಹೊತ್ತಿಗೆ ಬೀಜ ಕಂಪನಿಯ ಗೋದಾಮಿನಲ್ಲಿದೆ, ಹೊಲದಲ್ಲಿ ಮುಂದಿನ ಬೆಳೆ ನಿಂತಿದೆ, ನೋಡಲು ಏನೂ ಉಳಿದಿಲ್ಲ.

ಬೇಸಾಯದ ದೃಷ್ಟಿಯಿಂದ ತಳಿ ಅಶುದ್ಧವಾಗಲು ಕಾರಣಗಳು ಬೇರೆ ಬೇರೆ. ಪೋಷಕ ಬೀಜವೇ ಬೆರಕೆಯಾಗಿದ್ದರೆ ತಪ್ಪು ಕೊಟ್ಟವರದು. ಮೆಕ್ಕೆಜೋಳದಲ್ಲಿ ಹೆಣ್ಣು ಸಾಲುಗಳ ಸೂಲಂಗಿಯನ್ನು ಸಕಾಲದಲ್ಲಿ ಕೀಳದಿದ್ದರೆ ತಪ್ಪು ಬೆಳೆಗಾರನದು. ಪಕ್ಕದ ಹೊಲದ ಪರಾಗ ಬಂದಿದ್ದರೆ ಸಾಮಾನ್ಯವಾಗಿ 200 ಮೀಟರ್ ಬೇಕಾದ ಪ್ರತ್ಯೇಕತೆಯ ಅಂತರವನ್ನು ಪರಿಶೀಲಿಸಿ ಹೊಲವನ್ನು ಒಪ್ಪಿದವರು ಯಾರು ಎಂದು ಕೇಳಬೇಕು. ಅಚ್ಚು ಹಾಕಿಸಿದ ಕರಾರುಗಳು ಈ ವಿಂಗಡಣೆಯನ್ನು ಮಾಡದೆ ಎಲ್ಲವನ್ನೂ ಬೆಳೆಗಾರನ ತಲೆಗೆ ಕಟ್ಟುವುದುಂಟು. ಇದನ್ನು ಸರಿಪಡಿಸಿಕೊಳ್ಳದೆ ಸಹಿ ಹಾಕಬೇಡಿರೆಂಬುದು ನನ್ನ ಖಚಿತ ಸಲಹೆ.

ಏನನ್ನು ಕೇಳಬೇಕು? ಪೋಷಕ ಬೀಜದ ಶುದ್ಧತೆಗೆ ಕಂಪನಿ ಲಿಖಿತ ಖಾತರಿ ಕೊಡಬೇಕು. ಕಂಪನಿಯ ಸಿಬ್ಬಂದಿ ಪ್ರತಿ ಭೇಟಿಯಲ್ಲಿಯೂ ಕಂಡದ್ದನ್ನು ರೈತನ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ತೂಕದ ದಿನ ರೈತನ ಎದುರಿನಲ್ಲಿ ಮಾದರಿ ತೆಗೆದು ಮೂರು ಭಾಗ ಮಾಡಿ ಮುದ್ರೆ ಹಾಕಿ, ಒಂದನ್ನು ರೈತನಿಗೆ, ಒಂದನ್ನು ಕಂಪನಿಗೆ, ಇನ್ನೊಂದನ್ನು ತಕರಾರು ಬಂದರೆ ಇಬ್ಬರೂ ಒಪ್ಪಿದ ಪ್ರಯೋಗಾಲಯಕ್ಕೆಂದು ಇಡಬೇಕು. ಫಲಿತಾಂಶವನ್ನು ಇಂತಿಷ್ಟು ದಿನಗಳೊಳಗೆ ಲಿಖಿತವಾಗಿ ತಿಳಿಸದಿದ್ದರೆ ಲಾಟು ಉತ್ತೀರ್ಣವಾದಂತೆ ಎಂಬ ಸಾಲು ಇರಬೇಕು. ಪರೀಕ್ಷೆಗೆ ಮೊದಲೇ ಕನಿಷ್ಠ ಕಾಳಿನ ದರದಷ್ಟು ಹಣ ಸಂದಾಯವಾಗಬೇಕು. ಎಲ್ಲವನ್ನೂ ಕಂಪನಿ ಒಪ್ಪದಿರಬಹುದು. ಒಬ್ಬ ರೈತ ಕೇಳಿದಾಗ ಒಪ್ಪದ್ದನ್ನು ಇಪ್ಪತ್ತು ಬೆಳೆಗಾರರು ಅಥವಾ ಒಂದು ರೈತ ಉತ್ಪಾದಕ ಸಂಸ್ಥೆ ಕೇಳಿದಾಗ ಒಪ್ಪುವ ಸಂಭವ ಹೆಚ್ಚು.

ಮಾತು ಮುರಿದಾಗ

ಕರಾರು ಅಧಿನಿಯಮದ 73ನೆಯ ಕಲಮಿನಂತೆ, ಮುರಿದುದರಿಂದ ಸಹಜವಾಗಿ ಉಂಟಾದ ನಷ್ಟವನ್ನು ಮತ್ತು ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನು ಕೇಳಬಹುದು. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಕ್ವಿಂಟಲಿಗೆ 2,200 ರೂಪಾಯಿಯಂತೆ ನೂರು ಕ್ವಿಂಟಲ್ ಒಪ್ಪಿದ ವ್ಯಾಪಾರಿ ಕೈಕೊಟ್ಟ ದಿನ ಪೇಟೆ ದರ 1,900 ರೂಪಾಯಿ ಇದ್ದರೆ ಮೂಲ ನಷ್ಟ 30,000 ರೂಪಾಯಿ, ಅದರ ಮೇಲೆ ಸಾಗಣೆಯ ಹೆಚ್ಚುವರಿ ಖರ್ಚು. ಬೇಸರದಿಂದ ಜೋಳವನ್ನು ಮಳೆಗೆ ಬಿಟ್ಟು ಪೂರ್ತಿ 2,20,000 ರೂಪಾಯಿ ಕೇಳುವಂತಿಲ್ಲ. ನಷ್ಟವನ್ನು ತಗ್ಗಿಸಲು ಕೈಯಲ್ಲಿದ್ದ ಮಾರ್ಗವನ್ನು ಬಳಸಿದ್ದೀರಾ ಎಂದು ಆ ಕಲಮು ಕೇಳುತ್ತದೆ. ಎರಡನೆಯ ಬಗೆಯ ನಷ್ಟ ಸಿಗಬೇಕಾದರೆ ಅದು ಎದುರಿನವರಿಗೆ ಗೊತ್ತಿತ್ತೆಂದು ತೋರಬೇಕು. ಆದುದರಿಂದ "ನವೆಂಬರ್ 30ರೊಳಗೆ ಹೊಲ ಖಾಲಿಯಾಗದಿದ್ದರೆ ಹಿಂಗಾರಿ ಬೆಳೆ ತಪ್ಪುತ್ತದೆ ಎಂಬುದು ಖರೀದಿದಾರರಿಗೆ ತಿಳಿದಿದೆ" ಎಂಬ ಒಂದು ಸಾಲನ್ನು ಸೇರಿಸುವುದು ಜಾಣತನ.

74ನೆಯ ಕಲಮಿನ ಬಗ್ಗೆ ಎಚ್ಚರವಿರಲಿ. ಮುರಿದವರು ಇಂತಿಷ್ಟು ಕೊಡಬೇಕೆಂದು ಕರಾರಿನಲ್ಲಿಯೇ ಬರೆದಿದ್ದರೆ ಆ ಮೊತ್ತವೇ ಮೇಲ್ಮಿತಿ. ನ್ಯಾಯಾಲಯ ಅದರೊಳಗೆ ಸಮಂಜಸವಾದುದನ್ನು ಕೊಡಿಸುತ್ತದೆ, ಮೀರಿ ಕೊಡಿಸುವುದಿಲ್ಲ. "ಖರೀದಿದಾರರು ತಪ್ಪಿದರೆ 5,000 ರೂಪಾಯಿ ಪರಿಹಾರ" ಎಂಬ ಸಾಲು ರೈತನಿಗೆ ಅನುಕೂಲದಂತೆ ಕಾಣುತ್ತದೆ. ವಾಸ್ತವವಾಗಿ ಅದು 5,000 ರೂಪಾಯಿಗೆ ಕೈತೊಳೆದುಕೊಳ್ಳುವ ದಾರಿ.

ಖರೀದಿದಾರರು ಹಣ ಕೊಡದೆ ಸರಕು ನಿಮ್ಮಲ್ಲಿಯೇ ಉಳಿದರೆ, ಸರಕು ಮಾರಾಟ ಅಧಿನಿಯಮದ 54ನೆಯ ಕಲಮು ಮರುಮಾರಾಟದ ಹಕ್ಕು ಕೊಡುತ್ತದೆ. ಅನಾನಸ್‌ನಂತಹ ಬೇಗ ಕೆಡುವ ಸರಕಾದರೆ ನೋಟಿಸು ಬೇಕಿಲ್ಲ. ಒಣ ಅಡಿಕೆ, ಮೆಕ್ಕೆಜೋಳವಾದರೆ "ಇಂತಹ ದಿನದೊಳಗೆ ಹಣ ಕೊಟ್ಟು ಒಯ್ಯದಿದ್ದರೆ ಬೇರೆಯವರಿಗೆ ಮಾರುತ್ತೇನೆ" ಎಂದು ಮೊದಲು ತಿಳಿಸಲೇಬೇಕು. ತಿಳಿಸದೆ ಕಡಿಮೆಗೆ ಮಾರಿದರೆ ವ್ಯತ್ಯಾಸವನ್ನು ಕೇಳುವ ಹಕ್ಕು ಹೋಗುತ್ತದೆ. ಎರಡು ಸಾಲಿನ ರಿಜಿಸ್ಟರ್ ಅಂಚೆಯ ಪತ್ರ ಸಾಕು. ಹಣಕ್ಕೆ ಚೆಕ್ ಪಡೆದಿದ್ದು ಅದು ಅಮಾನ್ಯವಾದರೆ ದಿನಗಳ ಲೆಕ್ಕ ಬಿಗಿ: ಬ್ಯಾಂಕಿನ ಮಾಹಿತಿ ಬಂದ 30 ದಿನಗಳಲ್ಲಿ ಲಿಖಿತ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು.

ವ್ಯಾಜ್ಯ ಎಲ್ಲಿ ನಡೆಯಬೇಕು

ಅಚ್ಚಿನ ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಎಲ್ಲ ವ್ಯಾಜ್ಯಗಳೂ ಇಂತಹ ನಗರದ ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿವೆ" ಎಂದಿರುತ್ತದೆ. ಹಲವು ನ್ಯಾಯಾಲಯಗಳಿಗೆ ವ್ಯಾಪ್ತಿ ಇರುವಾಗ ಅವುಗಳಲ್ಲಿ ಒಂದನ್ನು ಆರಿಸುವುದು ಸಿಂಧು. ಯಾವ ಸಂಬಂಧವೂ ಇಲ್ಲದ ಊರಿನ ನ್ಯಾಯಾಲಯಕ್ಕೆ ಒಪ್ಪಂದದಿಂದ ಅಧಿಕಾರ ಬರುವುದಿಲ್ಲ. ಆದರೂ ಆ ವಾದವನ್ನು ಮಾಡುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಸಹಿಗೆ ಮೊದಲೇ ಆ ಊರಿನ ಹೆಸರನ್ನು ಹೊಡೆದು ಶಿಕಾರಿಪುರ, ಸೊರಬ ಅಥವಾ ಶಿವಮೊಗ್ಗ ಎಂದು ಬರೆಯಿಸುವುದು ಸುಲಭ.

ಮಧ್ಯಸ್ಥಿಕೆಯ ಕಲಮಿದ್ದರೆ ಮಧ್ಯಸ್ಥರನ್ನು ನೇಮಿಸುವವರು ಯಾರೆಂದು ನೋಡಿ. 1996ರ ಅಧಿನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ ಒಂದು ಪಕ್ಷದ ನೌಕರ ಮಧ್ಯಸ್ಥನಾಗುವಂತಿಲ್ಲ. ವ್ಯಾಜ್ಯದ ಫಲಿತದಲ್ಲಿ ಹಿತಾಸಕ್ತಿಯುಳ್ಳವರು ತಾವೊಬ್ಬರೇ ಏಕೈಕ ಮಧ್ಯಸ್ಥರನ್ನು ನೇಮಿಸಲಾಗದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ಒಪ್ಪಿದ ವ್ಯಕ್ತಿ, ಕಲಾಪ ಕನ್ನಡದಲ್ಲಿ, ಸ್ಥಳ ತಾಲ್ಲೂಕು ಕೇಂದ್ರದಲ್ಲಿ, ಶುಲ್ಕ ಸಮಪಾಲು ಎಂದಿರಲಿ. ಸಣ್ಣ ಮೊತ್ತದ ಕರಾರಿಗೆ ಮಧ್ಯಸ್ಥಿಕೆ ದುಬಾರಿ. ಅದನ್ನು ಕೈಬಿಡುವುದೇ ಲೇಸು.

ಬೀಜ, ಗೊಬ್ಬರ, ಔಷಧಿ, ಯಂತ್ರ ಕೊಂಡ ವ್ಯಾಜ್ಯಕ್ಕೆ ಜಿಲ್ಲಾ ಗ್ರಾಹಕ ಆಯೋಗವುಂಟು. 2019ರ ಅಧಿನಿಯಮದಂತೆ ರೈತನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಆದರೆ ಫಸಲು ಮಾರಿ ಹಣ ಬಾರದ ರೈತನು ಇಲ್ಲಿ ಗ್ರಾಹಕನಲ್ಲ, ಮಾರಾಟಗಾರ. ಅವನ ದಾರಿ ಸಿವಿಲ್ ನ್ಯಾಯಾಲಯ. ಅಲ್ಲಿ ಸಾಮಾನ್ಯ ಕಾಲಮಿತಿ ಮೂರು ವರ್ಷ. ದಾವೆಗೆ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ ಹೋಗಬಹುದು. ಅಲ್ಲಿ ರಾಜಿಯಾದರೆ ಅದು ನ್ಯಾಯಾಲಯದ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. 2020ರ ಕೇಂದ್ರ ಕೃಷಿ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗುವ ವ್ಯವಸ್ಥೆಯಿತ್ತು. ಆ ಕಾಯ್ದೆ 2021ರಲ್ಲಿ ರದ್ದಾಗಿದೆ. ತಮ್ಮ ಕರಾರಿನಲ್ಲಿ ಅದರ ಉಲ್ಲೇಖ ಕಂಡರೆ ತೆಗೆಸಿಹಾಕಿ.

ಶುಂಠಿಗೆ ಬಿಟ್ಟ ಜಮೀನು

ನಮ್ಮ ಎರಡೂ ತಾಲ್ಲೂಕುಗಳಲ್ಲಿ ಹೊರಗಿನ ಬೆಳೆಗಾರರಿಗೆ ಶುಂಠಿಗೆಂದು ಎಕರೆ ಲೆಕ್ಕದಲ್ಲಿ ಜಮೀನು ಬಿಡುವುದು ರೂಢಿಯಾಗಿದೆ. ಇದರ ಕರಾರುಪತ್ರವನ್ನು ಎಷ್ಟೇ ಚೆನ್ನಾಗಿ ಬರೆದರೂ ಒಂದು ಮೂಲ ತೊಡಕು ಉಳಿಯುತ್ತದೆ. 1961ರ ಕರ್ನಾಟಕ ಭೂಸುಧಾರಣಾ ಅಧಿನಿಯಮದ 5ನೆಯ ಕಲಮು ಕೆಲವೇ ವಿನಾಯಿತಿಗಳನ್ನು ಬಿಟ್ಟು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದೆ. ಕಾನೂನು ನಿಷೇಧಿಸಿದ ಉದ್ದೇಶದ ಕರಾರನ್ನು ಜಾರಿಗೊಳಿಸೆಂದು ನ್ಯಾಯಾಲಯವನ್ನು ಕೇಳುವುದು ಕಷ್ಟ. ಬಾಕಿ ಹಣ ಬಾರದ ಜಮೀನಿನ ಮಾಲೀಕರಿಗೂ, ನಡುವೆ ಒಕ್ಕಲೆಬ್ಬಿಸಲ್ಪಟ್ಟ ಬೆಳೆಗಾರರಿಗೂ ಆಗ ನೆಲೆಯಿಲ್ಲ. ಮಣ್ಣಿನಲ್ಲಿ ಉಳಿದ ಬಾಡು ರೋಗದ ಸೋಂಕಿಗಂತೂ ಯಾವ ಕಾಗದದಿಂದಲೂ ಪರಿಹಾರ ಸಿಗದು. ಜಮೀನಿನ ಮಾಲೀಕರೇ ಬೆಳೆಗಾರರಾಗಿ, ಬಿತ್ತನೆ ಗೆಡ್ಡೆ ಮತ್ತು ಖರ್ಚಿಗೆ ಮುಂಗಡ ಪಡೆದು, ಫಸಲನ್ನು 60 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುವ ಕರಾರು ಮಾಡಿಕೊಂಡರೆ ಅದು ಸರಕಿನ ಮಾರಾಟವಾಗುತ್ತದೆ. ಆದರೆ ವಾಸ್ತವದಲ್ಲಿ ಸಾಗುವಳಿ ಅವರದೇ ಆಗಿರಬೇಕು, ಹೆಸರು ಬದಲಿಸಿದ ಮಾತ್ರಕ್ಕೆ ಗೇಣಿ ಮಾರಾಟವಾಗುವುದಿಲ್ಲ. ಈ ವಿಷಯದಲ್ಲಿ ವಕೀಲರನ್ನು ಕಾಣದೆ ಮುಂದುವರಿಯಬೇಡಿ.

ವಿಸ್ತರಣಾ ಕಾರ್ಯಕರ್ತರಿಗೆ

ತಕರಾರು ಬಂದಾಗ ರೈತರು ಮೊದಲು ಬರುವುದು ರೈತ ಸಂಪರ್ಕ ಕೇಂದ್ರಕ್ಕೆ. ಆಗ ತಾವು ಬರೆಯುವ ಸ್ಥಳ ಪರಿಶೀಲನೆಯ ಟಿಪ್ಪಣಿ ಮುಂದೆ ಮುಖ್ಯ ಸಾಕ್ಷ್ಯವಾಗಬಹುದು. "ಬೆಳೆ ಹಾಳಾಗಿದೆ" ಎಂಬ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ. ದಿನಾಂಕ, ಸರ್ವೆ ನಂಬರ್, ಬೆಳೆಯ ವಯಸ್ಸು, ಪರಿಶೀಲಿಸಿದ ಗಿಡಗಳ ಸಂಖ್ಯೆ, ಅವುಗಳಲ್ಲಿ ಬಾಧಿತವಾದವು ಎಷ್ಟು, ಅದೇ ಲಾಟಿನ ಬೀಜ ಬಿತ್ತಿದ ಅಕ್ಕಪಕ್ಕದ ಹೊಲಗಳ ಸ್ಥಿತಿ, ಬೇರೆ ಲಾಟು ಬಿತ್ತಿದ ಹೊಲಗಳ ಸ್ಥಿತಿ, ಆ ಅವಧಿಯ ಮಳೆ ಇವಿಷ್ಟನ್ನೂ ದಾಖಲಿಸಿ. ಸಾಧ್ಯವಿದ್ದರೆ ಕಂಪನಿ ಅಥವಾ ವ್ಯಾಪಾರಿಯ ಪ್ರತಿನಿಧಿಗೆ ಮೊದಲೇ ತಿಳಿಸಿ ಅವರ ಎದುರಿನಲ್ಲಿಯೇ ಪರಿಶೀಲಿಸಿ. ಬಾರದಿದ್ದರೆ ತಿಳಿಸಿದ ದಿನ ಮತ್ತು ಬಗೆಯನ್ನು ಟಿಪ್ಪಣಿಯಲ್ಲಿ ಸೇರಿಸಿ. ಕಾರಣ ಖಚಿತವಿಲ್ಲದಿದ್ದರೆ ಕಂಡುದನ್ನು ಮಾತ್ರ ಬರೆದು, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ.

ರೈತರ ಮೊಬೈಲಿನಲ್ಲಿರುವ ಸಂದೇಶ ಮತ್ತು ಫೋಟೋಗಳನ್ನು ಅಳಿಸದಂತೆ ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ನಿಗದಿತ ಪ್ರಮಾಣಪತ್ರದೊಂದಿಗೆ ಅವು ಸಾಕ್ಷ್ಯವಾಗುತ್ತವೆ. ಕರಾರಿಗೆ ಬೇಕಾದ ಛಾಪಾ ಶುಲ್ಕವನ್ನು ಸಹಿಯ ಮೊದಲು ಅಥವಾ ಸಹಿಯ ಹೊತ್ತಿಗೆ ಕಟ್ಟಬೇಕು. ಕಟ್ಟದ ಪತ್ರವನ್ನು ದಂಡ ಸಹಿತ ಶುಲ್ಕ ತುಂಬುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಪತ್ರವನ್ನು ಎರಡು ಮೂಲ ಪ್ರತಿಗಳಲ್ಲಿ ಮಾಡಿ ಪ್ರತಿ ಪುಟಕ್ಕೂ ಸಹಿ ಹಾಕಿಸಿ, ಒಂದು ಮೂಲ ಪ್ರತಿ ರೈತರ ಮನೆಯಲ್ಲಿಯೇ ಉಳಿಯಬೇಕು. ಅದರ ಜೊತೆಗೆ ತೂಕದ ಚೀಟಿ, ಮುಂಗಡದ ರಸೀತಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಬೀಜದ ಚೀಲ ಇವನ್ನು ಕೊನೆಯ ಹಣ ಸಂದ ದಿನದಿಂದ ಮೂರು ವರ್ಷ ಪೂರ್ತಿ ಇಡಲು ತಿಳಿಸಿ.